ಪುಸ್ತಕ ಓದಲೂ ರಹದಾರಿಯೇ?

ಅಮೆರಿಕದ ಡರ್ಬಿ ಲೈನ್, ಕೆನಡಾದ ಸ್ಟ್ಯಾನ್‌ಸ್ಟೆಡ್ ಎಂಬ ಅಕ್ಕಪಕ್ಕದ ಊರುಗಳ ಜನ ಕೂಡಿ ಓದಲೆಂದೇ ಹ್ಯಾಸ್ಕೆಲ್ ಮನೆತನದವರು ಗಡಿಯ ಮೇಲೊಂದು ಗ್ರಂಥಾಲಯ ಕಟ್ಟಿಸಿದರು. 1904ರಲ್ಲಿ ಕಟ್ಟಡ ಮುಗಿಯಿತು. ಪುಸ್ತಕಗಳು ಕೆನಡಾದಲ್ಲಿ, ಮುಂಬಾಗಿಲು ಅಮೆರಿಕದಲ್ಲಿ! ಮಹಡಿಯ ನಾಟಕಶಾಲೆಯಲ್ಲಿ ರಂಗ ಅತ್ತ, ಪ್ರೇಕ್ಷಕರಲ್ಲಿ ಬಹುಪಾಲು ಇತ್ತ. ಓದುವ ಕೋಣೆಯ ನೆಲದ ಮೇಲೆ ಗಡಿಯೆಂಬ ಒಂದು ಕಪ್ಪು ಗೆರೆ. ನೂರು ವರ್ಷಕ್ಕೂ ಹೆಚ್ಚು ಕಾಲ ಕೆನಡಾದವರು ರಹದಾರಿ ತೋರಿಸದೆ ಪಕ್ಕದ ಕಾಲುದಾರಿಯಲ್ಲಿ ಬಂದು ಓದಿ ಹೋದರು. ಯಾವ ರಾಜ್ಯವೂ ಮುಳುಗಲಿಲ್ಲ.

2025ರಲ್ಲಿ ಅಮೆರಿಕ ಸರ್ಕಾರ ಆ ದಾರಿಯನ್ನು ಮುಚ್ಚಿತು. ನೆಪ, ಕಳ್ಳಸಾಗಣೆ. ಹಿಂದೊಮ್ಮೆ ಒಬ್ಬಾತ ಈ ಕಟ್ಟಡದ ಮೂಲಕ ಕೈಬಂದೂಕು ಸಾಗಿಸಿದ್ದು ನಿಜ. ಸಿಕ್ಕಿಬಿದ್ದ, ಶಿಕ್ಷೆಯೂ ಆಯಿತು. ಅಷ್ಟಕ್ಕೆ ಓದುಗರೆಲ್ಲ ಕಳ್ಳರೇ? ಒಬ್ಬ ನೂಲು ಕದ್ದನೆಂದು ಗಿರಣಿಯ ಗೇಟಿನಲ್ಲಿ ಎಲ್ಲರ ಮೈ ತಡಕುವ ಮಾಲೀಕರ ನ್ಯಾಯ ನಮಗೇನು ಹೊಸದಲ್ಲ. ಇದೇ ಗಡಿಯನ್ನು ಬಂಡವಾಳ ದಿನವೂ ದಾಟುತ್ತದೆ. ಅದರ ಮೈ ತಡಕುವವರಾರು? ಇದಕ್ಕೆ ಭದ್ರತೆಯೆಂಬ ಹೆಸರನ್ನು ನಾವು ಒಪ್ಪುವುದಿಲ್ಲ.

ಗ್ರಂಥಾಲಯದವರು ಕೈಕಟ್ಟಿ ಕೂರಲಿಲ್ಲ. ಕೆನಡಾ ಬದಿಯಲ್ಲಿ ಬೇರೆ ಬಾಗಿಲು ಮಾಡಿಸಲು ಚಂದಾ ಎತ್ತಿದರು. ದಾರಿ ಮುಚ್ಚಿದ್ದು ಸರ್ಕಾರ, ಬಾಗಿಲಿಗೆ ಹಣ ಕೊಟ್ಟದ್ದು ಜನ.