ಮಾಲ್ಡೀವ್ಸ್: ಪ್ರವಾಸಿಗರು ಬಂದರು, ಕೆಲಸ ವಾಪಸ್ ಬಂತಾ?

2020ರ ನವೆಂಬರ್‌ನಿಂದ ಮೊಬೈಲ್ ತೆರೆದರೆ ಸಾಕು, ಮಾಲ್ಡೀವ್ಸ್. ನೀಲಿ ಸಮುದ್ರ, ನೀರಿನ ಮೇಲೆ ಕಟ್ಟಿದ ಮರದ ಮನೆ, ಈಜುಕೊಳದಲ್ಲಿ ತೇಲುವ ತಿಂಡಿ ತಟ್ಟೆ, ಪಕ್ಕದಲ್ಲಿ ಯಾರಾದರೊಬ್ಬ ಹಿಂದಿ ಸಿನಿಮಾ ತಾರೆ. ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕೂತು ಬೇಸತ್ತ ದುಡ್ಡಿರುವ ಭಾರತೀಯರಿಗೆ ಹೆಚ್ಚು ತಕರಾರಿಲ್ಲದೆ ಹೋಗಿ ಬರಲು ಸಿಕ್ಕ ಕೆಲವೇ ದೇಶಗಳಲ್ಲಿ ಇದೂ ಒಂದಾಗಿತ್ತು. ಫೋಟೋ ನೋಡಿದವರಿಗೆ ಅಲ್ಲಿ ಎಲ್ಲ ಸರಿಹೋಗಿದೆ ಅನ್ನಿಸುವುದು ಸಹಜವಾಗಿತ್ತು.

ಆದರೆ ಆ ತಟ್ಟೆ ತಂದಿಟ್ಟವನ ಕೈಗೆ ತಿಂಗಳಿಗೆ ಆಗ ಎಷ್ಟು ಬರುತ್ತಿತ್ತು? ವರ್ಷದ ಹಿಂದೆ ಅದೇ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಆಗ ಎಲ್ಲಿದ್ದ? ಈ ಪ್ರಶ್ನೆ ಕರಾವಳಿಯವರಿಗೆ ದೂರದ್ದಲ್ಲ. ಮಣಿಪಾಲ, ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು ಗಲ್ಫ್, ಕ್ರೂಸ್ ಹಡಗು ಅಂತ ಹೊರಟ ಹುಡುಗರ ದಾರಿಯಲ್ಲಿ ಮಾಲ್ಡೀವ್ಸ್ ಕೂಡ ಒಂದು ನಿಲ್ದಾಣ.

ಒಂದೇ ಬಾಗಿಲಿನ ಮನೆ

ಸುಮಾರು 1,200 ದ್ವೀಪಗಳ ದೇಶ ಅದು. ಅದರಲ್ಲಿ ಊರು ಅಂತ ಇರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಇನ್ನು 150ಕ್ಕೂ ಹೆಚ್ಚು ದ್ವೀಪಗಳು ರೆಸಾರ್ಟ್‌ಗಳಿಗೆ ಸೇರಿದವು. ಒಂದು ದ್ವೀಪ, ಒಂದು ರೆಸಾರ್ಟ್, ಇದು 1972ರಲ್ಲಿ ಪ್ರವಾಸೋದ್ಯಮ ಶುರುವಾದಾಗಿನಿಂದ ನಡೆದುಬಂದ ಪದ್ಧತಿ. 2009ರ ನಂತರವಷ್ಟೇ ಊರಿರುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅವಕಾಶ ಸಿಕ್ಕಿದ್ದು.

ದೇಶದ ಆದಾಯದ ಕಾಲು ಭಾಗ ನೇರವಾಗಿ ಪ್ರವಾಸಿಗರಿಂದಲೇ ಬರುತ್ತದೆ. ದೋಣಿ, ಕಟ್ಟಡ, ವ್ಯಾಪಾರ, ಸಾಗಾಟ ಎಲ್ಲ ಸೇರಿಸಿದರೆ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ. ಸರ್ಕಾರದ ಖಜಾನೆಯೂ ಹಾಗೇ. 2021ರಲ್ಲಿ ಪ್ರವಾಸಿಗರ ಬಿಲ್ ಮೇಲೆ 12% ತೆರಿಗೆ ಇತ್ತು, ರೆಸಾರ್ಟ್‌ನಲ್ಲಿ ತಂಗಿದರೆ ಒಬ್ಬರಿಗೆ ದಿನಕ್ಕೆ 6 ಡಾಲರ್ ಗ್ರೀನ್ ಟ್ಯಾಕ್ಸ್ ಇತ್ತು, ಅದರ ಮೇಲೆ ದ್ವೀಪದ ಬಾಡಿಗೆ. ಅಕ್ಕಿ, ಹಿಟ್ಟು, ಸಕ್ಕರೆ, ಈರುಳ್ಳಿ, ಪೆಟ್ರೋಲ್ ಎಲ್ಲವೂ ಹೊರಗಿನಿಂದ ಬರಬೇಕು, ಡಾಲರ್‌ನಲ್ಲೇ ಕೊಳ್ಳಬೇಕು. ಆ ಡಾಲರ್ ತರುವವನೂ ಪ್ರವಾಸಿಯೇ. ಮೀನು ಬಿಟ್ಟರೆ ದೇಶಕ್ಕೆ ತನ್ನದು ಅಂತ ಹೇಳಿಕೊಳ್ಳುವ ದೊಡ್ಡ ಉತ್ಪನ್ನ ಇನ್ನೊಂದಿಲ್ಲ.

2019ರಲ್ಲಿ ಈ ಬಾಗಿಲಿನಿಂದ 17 ಲಕ್ಷ ಜನ ಒಳಗೆ ಬಂದಿದ್ದರು. ದೇಶದ ಜನಸಂಖ್ಯೆಯ ಮೂರು ಪಟ್ಟಿಗಿಂತ ಹೆಚ್ಚು.

ಬಾಗಿಲು ಮುಚ್ಚಿದ ತಿಂಗಳು

2020ರ ಮಾರ್ಚ್ 7ರಂದು ಮೊದಲ ಪ್ರಕರಣ ಪತ್ತೆಯಾಯಿತು. ಅದೂ ಒಂದು ರೆಸಾರ್ಟ್‌ನಲ್ಲೇ, ಇಟಲಿಯ ಪ್ರವಾಸಿಯಿಂದ ಸಿಬ್ಬಂದಿಗೆ ತಗುಲಿದ್ದು. ಮಾರ್ಚ್ 27ರಂದು ಬಂದಿಳಿದಾಗ ವೀಸಾ ಕೊಡುವುದನ್ನು ದೇಶ ನಿಲ್ಲಿಸಿತು. ಏಪ್ರಿಲ್, ಮೇ, ಜೂನ್, ಮೂರು ತಿಂಗಳು ಪ್ರವಾಸಿಗರ ಸಂಖ್ಯೆ ಸೊನ್ನೆ. ಸರ್ಕಾರದ ಪಟ್ಟಿಯಲ್ಲೇ ಸೊನ್ನೆ.

ಏಪ್ರಿಲ್ 15ರಂದು ರಾಜಧಾನಿ ಮಾಲೆಯಲ್ಲಿ ಸೋಂಕು ಕಾಣಿಸಿಕೊಂಡ ಕೂಡಲೇ ಲಾಕ್‌ಡೌನ್. ಎರಡು ಚದರ ಕಿಲೋಮೀಟರ್ ಆಸುಪಾಸಿನ ದ್ವೀಪದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ. ಅಂಗಳ ಇಲ್ಲ, ಹಿತ್ತಲಿಲ್ಲ. ಹೊರದ್ವೀಪಗಳಿಗೆ ಹೋಗುವ ದೋಣಿಗಳೂ ಬಂದ್. ಕೆಲಸ ನಿಂತಿತು, ಊರಿಗೆ ಹೋಗೋಣ ಅಂದರೆ ಅದಕ್ಕೂ ದಾರಿ ಇರಲಿಲ್ಲ.

ಕೆಲಸ ಹೋಗಲಿಲ್ಲ, ಸಂಬಳ ಹೋಯ್ತು

ಇಲ್ಲೇ ಲೆಕ್ಕ ತಪ್ಪುವುದು. 'ಎಷ್ಟು ಜನರ ಕೆಲಸ ಹೋಯ್ತು' ಅಂತ ಕೇಳಿದರೆ ನಿಜವಾದ ನಷ್ಟ ಕಾಣುವುದಿಲ್ಲ. ಬಹಳಷ್ಟು ಕಡೆ ಯಾರನ್ನೂ ಕೆಲಸದಿಂದ ತೆಗೆದಿದ್ದೇವೆ ಅಂತ ಬರೆದು ಕೊಡಲಿಲ್ಲ. ನೋ ಪೇ ಲೀವ್ ಅಂದರು, ಇಲ್ಲವೇ ಅರ್ಧ ಸಂಬಳ ಅಂದರು. ಹೆಸರು ರಿಜಿಸ್ಟರ್‌ನಲ್ಲಿ ಇದ್ದೇ ಇತ್ತು. ದುಡ್ಡು ಮಾತ್ರ ಬರಲಿಲ್ಲ.

ಅದಕ್ಕಿಂತ ದೊಡ್ಡ ಹೊಡೆತ ಸರ್ವಿಸ್ ಚಾರ್ಜ್‌ನದ್ದು. ಅಲ್ಲಿನ ರೆಸಾರ್ಟ್‌ಗಳಲ್ಲಿ ಮೂಲ ಸಂಬಳ ಕಡಿಮೆ. ಪ್ರವಾಸಿಯ ಬಿಲ್ ಮೇಲೆ ಹಾಕುವ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜನ್ನು ಸಿಬ್ಬಂದಿಗೆ ಹಂಚುತ್ತಾರೆ. ಒಳ್ಳೆಯ ಸೀಸನ್‌ನಲ್ಲಿ ಮೂಲ ಸಂಬಳಕ್ಕಿಂತ ಇದೇ ಹೆಚ್ಚು ಬರುವ ರೆಸಾರ್ಟ್‌ಗಳಿವೆ. ಮೇಲೆ ಟಿಪ್ಸ್.

ಒಂದು ಉದಾಹರಣೆ ಇಟ್ಟುಕೊಳ್ಳಿ. ಮೂಲ ಸಂಬಳ 300 ಡಾಲರ್, ಸರ್ವಿಸ್ ಚಾರ್ಜ್ 400, ಟಿಪ್ಸ್ 100. ತಿಂಗಳಿಗೆ 800 ಡಾಲರ್. ಪ್ರವಾಸಿಗರು ಇಲ್ಲದಾಗ ಸರ್ವಿಸ್ ಚಾರ್ಜ್ ಇಲ್ಲ, ಟಿಪ್ಸ್ ಇಲ್ಲ. ಮಾಲೀಕರು 'ಅರ್ಧ ಸಂಬಳ ಕೊಡ್ತೇವೆ' ಅಂದರೆ ಅದು ಮೂಲ ಸಂಬಳದ ಅರ್ಧ. ಅಂದರೆ 150 ಡಾಲರ್. ಕಾಗದದ ಮೇಲೆ ಅರ್ಧ ಕಡಿತ, ಮನೆ ಲೆಕ್ಕದಲ್ಲಿ ಐದರಲ್ಲಿ ನಾಲ್ಕು ಭಾಗ ಕಡಿತ. ಕನಿಷ್ಠ ವೇತನದ ಕಾನೂನು ಆ ದೇಶದಲ್ಲಿ ಆಗ ಇನ್ನೂ ಜಾರಿಗೆ ಬಂದಿರದ ಕಾರಣ ಕೆಳಗೆ ಆಸರೆಯೂ ಇರಲಿಲ್ಲ.

ಬಾಡಿಗೆ ಮನೆ, ದೂರದ ದ್ವೀಪ

ರೆಸಾರ್ಟ್‌ನಲ್ಲಿ ದುಡಿಯುವ ಮಾಲ್ಡೀವ್ಸ್ ಗಂಡಸಿಗೆ ಊಟ, ವಸತಿ ರೆಸಾರ್ಟ್‌ನದ್ದೇ. ಹೆಂಡತಿ ಮಕ್ಕಳು ಮಾತ್ರ ಎಷ್ಟೋ ಸಲ ಮಾಲೆಯಲ್ಲಿ ಬಾಡಿಗೆ ಮನೆಯಲ್ಲಿ. ಒಳ್ಳೆ ಶಾಲೆ, ದೊಡ್ಡಾಸ್ಪತ್ರೆ ಇರುವುದು ಅಲ್ಲೇ ಅಂತ. ಸಂಬಳದ ದೊಡ್ಡ ಪಾಲು ಆ ಬಾಡಿಗೆಗೇ ಹೋಗುತ್ತದೆ.

ಸರ್ಕಾರ ಕೈಕಟ್ಟಿ ಕೂರಲಿಲ್ಲ ಅನ್ನುವುದೂ ನಿಜ. ಕೆಲಸ ಅಥವಾ ಆದಾಯ ಕಳೆದುಕೊಂಡ ನಾಗರಿಕರಿಗೆ ತಿಂಗಳಿಗೆ 5,000 ರುಫಿಯಾವರೆಗೆ ಭತ್ಯೆ ಕೊಟ್ಟಿತು. ಸ್ವಂತ ದುಡಿಮೆಯವರಿಗೂ ಕೊಟ್ಟಿತು. ಆಗಿನ ವಿನಿಮಯ ದರದಲ್ಲಿ ನಮ್ಮ ಲೆಕ್ಕಕ್ಕೆ ಸುಮಾರು 23 ಸಾವಿರ ರೂಪಾಯಿ. ಕೇಳಲು ದೊಡ್ಡ ಮೊತ್ತ. ಆದರೆ ಮಾಲೆಯಲ್ಲಿ ಎರಡು ರೂಮಿನ ಮನೆಯ ಬಾಡಿಗೆ ಇದರ ಎರಡು ಪಟ್ಟನ್ನೂ ಮೀರುತ್ತದೆ. ಭತ್ಯೆ ಹೊಟ್ಟೆಗೆ ಆಯ್ತು, ಸೂರಿಗೆ ಆಗಲಿಲ್ಲ. ದೋಣಿ ಬಿಟ್ಟ ಮೇಲೆ ಸಾಮಾನು ಕಟ್ಟಿಕೊಂಡು ತಮ್ಮ ದ್ವೀಪಕ್ಕೆ ಮರಳಿದ ಕುಟುಂಬಗಳು ಇದಕ್ಕೇ ಮರಳಿದ್ದು. ಮೀನುಗಾರಿಕೆ ಬಿಟ್ಟು ಬಂದವರು ಮತ್ತೆ ಟ್ಯೂನಾ ದೋಣಿ ಹತ್ತಿದರು.

ಹೊರದ್ವೀಪಗಳ ಕಥೆಯಲ್ಲಿ ಸುದ್ದಿಗೆ ಬಾರದ ಭಾಗ ಹೆಂಗಸರದ್ದು. ರೆಸಾರ್ಟ್‌ಗಳಲ್ಲಿ ಅಲ್ಲಿನ ಹೆಂಗಸರು ಕೆಲಸಕ್ಕೆ ಹೋಗುವುದು ಕಡಿಮೆ. ಆದರೆ ರೆಸಾರ್ಟ್‌ನ ಹುಲ್ಲುಛಾವಣಿಯಂತೆ ಕಾಣುವ ಚಾವಣಿಗೆ ತೆಂಗಿನ ಮಡಲು ಹೆಣೆದು ಕೊಡುವವರು ಅವರೇ. ಗೆಸ್ಟ್‌ಹೌಸ್‌ಗಳಿಗೆ ಮೀನಿನ ತಿಂಡಿ ಕರಿದು ಕೊಡುವವರೂ ಅವರೇ. ತೊಡ್ಡೂ ಎಂಬ ದ್ವೀಪ ಕಲ್ಲಂಗಡಿ, ಪಪ್ಪಾಯಿಗೆ ಹೆಸರುವಾಸಿ. ಅಂಥ ಬೆಳೆಗಾರರ ದೊಡ್ಡ ಗಿರಾಕಿಗಳಲ್ಲಿ ರೆಸಾರ್ಟ್‌ಗಳೂ ಸೇರಿವೆ. ಇವರಲ್ಲಿ ಯಾರ ಹೆಸರೂ ಯಾವ ಮಸ್ಟರ್ ರೋಲ್‌ನಲ್ಲೂ ಇಲ್ಲ. ಹಾಗಾಗಿ 'ಕೆಲಸ ಕಳೆದುಕೊಂಡವರು' ಅನ್ನುವ ಪಟ್ಟಿಗೂ ಸುಲಭವಾಗಿ ಸೇರಲಿಲ್ಲ.

ಭತ್ಯೆಯೂ ಇಲ್ಲ, ಟಿಕೆಟ್ಟೂ ಇಲ್ಲ

ದೇಶದಲ್ಲಿ ವಾಸ ಇರುವ ಮೂವರಲ್ಲಿ ಒಬ್ಬರು ಹೊರದೇಶದ ಕೆಲಸಗಾರರು. ಅತಿ ಹೆಚ್ಚು ಬಾಂಗ್ಲಾದೇಶದವರು, ನಂತರ ಭಾರತೀಯರು. 5,000 ರುಫಿಯಾದ ಭತ್ಯೆ ನಾಗರಿಕರಿಗೆ ಮಾತ್ರ, ಇವರಿಗಿಲ್ಲ.

ಹೊರದೇಶದವರಲ್ಲೂ ಎರಡು ದರ್ಜೆ. ಶಾಲಾ ಶಿಕ್ಷಕರು, ನರ್ಸ್‌ಗಳು, ರೆಸಾರ್ಟ್‌ನ ಫ್ರಂಟ್ ಆಫೀಸ್, ಕಿಚನ್ ಸಿಬ್ಬಂದಿ ಒಂದು ಕಡೆ. ಇವರಿಗೆ ಕಾಗದ ಪತ್ರ ಇದೆ, ರಾಯಭಾರ ಕಚೇರಿಗೆ ಫೋನ್ ಮಾಡುವ ಧೈರ್ಯ ಇದೆ. ಕಟ್ಟಡ ಕೆಲಸ, ಹೊರೆ ಕೆಲಸ ಮಾಡುವವರು ಇನ್ನೊಂದು ಕಡೆ. ಅವರಲ್ಲಿ ಸಾವಿರಾರು ಜನರ ವೀಸಾ ಮುಗಿದಿತ್ತು, ಪಾಸ್‌ಪೋರ್ಟ್ ಯಾರದೋ ಕೈಯಲ್ಲಿತ್ತು. ಮಾಲೆಯಲ್ಲಿ ಇವರು ಇರುವುದು ಒಂದೇ ಕೋಣೆಯಲ್ಲಿ ಹತ್ತಾರು ಜನ, ಪಾಳಿ ಮೇಲೆ ಮಲಗುವ ವಸತಿಗಳಲ್ಲಿ. ಮೇ ತಿಂಗಳಲ್ಲಿ ಸೋಂಕು ಜೋರಾಗಿ ಹಬ್ಬಿದ್ದೂ ಅಲ್ಲೇ. 'ಅಂತರ ಕಾಪಾಡಿ' ಅನ್ನುವ ಮಾತಿಗೆ ಆ ಕೋಣೆಯಲ್ಲಿ ಅರ್ಥವೇ ಇರಲಿಲ್ಲ. ಬಾಂಗ್ಲಾದೇಶ ತನ್ನ ನೌಕಾಪಡೆ ಹಡಗಿನಲ್ಲಿ 100 ಟನ್ ಆಹಾರ, ಔಷಧ ಕಳಿಸಿತು. ಭಾರತದ ಐಎನ್‌ಎಸ್ ಕೇಸರಿ ಮೇ 12ರಂದು 580 ಟನ್ ಆಹಾರ ತಲುಪಿಸಿತು.

ವಿಮಾನವಿಲ್ಲದೆ ಸಿಕ್ಕಿಬಿದ್ದ ಭಾರತೀಯರನ್ನು ಕರೆತರಲು ಹೊರಟದ್ದು ಆಪರೇಷನ್ ಸಮುದ್ರ ಸೇತು. ಐಎನ್‌ಎಸ್ ಜಲಾಶ್ವ 698 ಜನರನ್ನು ಹೊತ್ತು ಮೇ 10ರಂದು ಕೊಚ್ಚಿ ಸೇರಿತು. ಅವರಲ್ಲಿ 19 ಗರ್ಭಿಣಿಯರಿದ್ದರು. ಹೆಚ್ಚಿನವರು ಕೇರಳ, ತಮಿಳುನಾಡಿನವರು, ಕರ್ನಾಟಕದವರೂ ಕೆಲವರಿದ್ದರು. ಟಿವಿಯಲ್ಲಿ ಕಂಡದ್ದು ಮರಳಿ ಬಂದ ಖುಷಿ. ಆದರೆ ಹಡಗು ಇಳಿದವರ ಜೊತೆ ಬಾಕಿ ಸಂಬಳವೂ ಬಂತು ಅಂತೇನಿಲ್ಲ. ಊರಲ್ಲಿ ಆ ಹೊತ್ತಿಗೆ ಇಲ್ಲಿನ ಹೋಟೆಲ್‌ಗಳೂ ಬೀಗ ಹಾಕಿಕೊಂಡಿದ್ದವು.

ಬಾಗಿಲು ತೆರೆಯಿತು, ಎಷ್ಟು ತೆರೆಯಿತು?

ಜುಲೈ 15ಕ್ಕೆ ಮಾಲ್ಡೀವ್ಸ್ ಗಡಿ ತೆರೆಯಿತು. ಮೊದಲು ರೆಸಾರ್ಟ್‌ಗಳಿಗೆ ಮಾತ್ರ. ಒಂದು ದ್ವೀಪ, ಒಂದು ರೆಸಾರ್ಟ್ ಪದ್ಧತಿಯೇ ಆಗ ಕೈ ಹಿಡಿಯಿತು. ಪ್ರವಾಸಿ ತನ್ನ ದ್ವೀಪದಲ್ಲೇ ಇರುತ್ತಾನೆ, ಊರಿಗೆ ಕಾಲಿಡುವುದಿಲ್ಲ ಅನ್ನುವುದು ಲೆಕ್ಕ. ಊರಿನ ದ್ವೀಪಗಳ ಗೆಸ್ಟ್‌ಹೌಸ್‌ಗಳು ತೆರೆಯಲು ಅಕ್ಟೋಬರ್ 15ರವರೆಗೆ ಕಾಯಬೇಕಾಯಿತು. ದೊಡ್ಡ ಕಂಪನಿಗೆ ಮೂರೂವರೆ ತಿಂಗಳ ನಷ್ಟ, ಸಾಲ ಮಾಡಿ ನಾಲ್ಕು ರೂಮು ಕಟ್ಟಿದವನಿಗೆ ಆರೂವರೆ ತಿಂಗಳ ನಷ್ಟ. ಸಾಲದ ಕಂತು ಮುಂದೂಡುವ ಅವಕಾಶ ಕೊಟ್ಟಿದ್ದರೂ ಮುಂದೂಡಿದ ಕಂತು ಮಾಫಿಯಾದ ಕಂತಲ್ಲ.

2020ರ ಪೂರ್ತಿ ಲೆಕ್ಕ ಈಗ ಸಿಕ್ಕಿದೆ. ಬಂದವರು 5.55 ಲಕ್ಷ, ಅಂದರೆ ಹಿಂದಿನ ವರ್ಷದ ಮೂರನೇ ಒಂದು ಭಾಗ. ಅದರಲ್ಲೂ ದೊಡ್ಡ ಪಾಲು ಬಾಗಿಲು ಮುಚ್ಚುವ ಮೊದಲೇ, ಜನವರಿ, ಫೆಬ್ರವರಿಯಲ್ಲಿ ಬಂದವರು. 2019ರಲ್ಲಿ ಮೊದಲ ಸ್ಥಾನದಲ್ಲಿದ್ದ ಚೀನೀಯರು ಆಗ ಮರಳಿರಲಿಲ್ಲ. ಅವರ ಜಾಗಕ್ಕೆ ಬಂದದ್ದು ಭಾರತೀಯರು. ಸುಮಾರು 63 ಸಾವಿರ ಜನರೊಂದಿಗೆ 2020ರಲ್ಲಿ ಭಾರತವೇ ಮೊದಲು. 2021ರ ಜನವರಿಯಲ್ಲಿ ಒಟ್ಟು 90 ಸಾವಿರ ದಾಟಿತು. 2020ರ ಜನವರಿಯಲ್ಲಿ 1.7 ಲಕ್ಷ ಇತ್ತು. ಅರ್ಧ ಚೇತರಿಕೆ ಅನ್ನಬಹುದಿತ್ತು.

ಆದರೆ ಅರ್ಧ ಪ್ರವಾಸಿಗರು ಬಂದರೆ ಅರ್ಧ ಕೆಲಸ ಬರುತ್ತದೆ ಅಂತ ಲೆಕ್ಕವಿಲ್ಲ. ರೂಮುಗಳು ಅರ್ಧ ತುಂಬಿದಾಗ ಮಾಲೀಕರು ಮೊದಲು ಕರೆಯುವುದು ದ್ವೀಪದಲ್ಲೇ ಉಳಿದ ಸಣ್ಣ ತಂಡವನ್ನು. ಮೂವರ ಕೆಲಸ ಇಬ್ಬರಿಗೆ. ಆಗ ಹೊಸದಾಗಿ ಕರೆಸಿದರೆ ವಿಮಾನ ಖರ್ಚು, ಟೆಸ್ಟ್, ಕ್ವಾರಂಟೈನ್ ಅಂತ ಮೂರು ಬಾಬತ್ತು ಇದ್ದವು. ಪ್ರವಾಸಿಗರ ಸಂಖ್ಯೆ ಬೇಗ ಏರುತ್ತದೆ, ಹಾಜರಿ ಪುಸ್ತಕ ನಿಧಾನಕ್ಕೆ ತುಂಬುತ್ತದೆ. ಸರ್ವಿಸ್ ಚಾರ್ಜ್ ಅದಕ್ಕಿಂತ ನಿಧಾನ, ಏಕೆಂದರೆ ರೂಮಿಗೆ ರಿಯಾಯಿತಿ ಕೊಟ್ಟಷ್ಟೂ ಬಿಲ್ ಸಣ್ಣದು, ಬಿಲ್ ಸಣ್ಣದಾದಷ್ಟೂ ಹತ್ತು ಪರ್ಸೆಂಟೂ ಸಣ್ಣದು.

ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ಉದ್ಯೋಗ ಕಾನೂನಿಗೆ ತಿದ್ದುಪಡಿ ತಂದು ಸರ್ವಿಸ್ ಚಾರ್ಜ್ ವಸೂಲಿ, ಅದನ್ನು ಸಿಬ್ಬಂದಿಗೆ ಹಂಚುವುದು ಎರಡನ್ನೂ ಕಡ್ಡಾಯ ಮಾಡಿದ್ದಾರೆ. 2021ರ ಜನವರಿ 20ರಂದು ಭಾರತ 1 ಲಕ್ಷ ಡೋಸ್ ಲಸಿಕೆ ಕಳಿಸಿತು, ಫೆಬ್ರವರಿ 1ರಿಂದ ಅಲ್ಲಿ ಲಸಿಕೆ ಶುರುವಾಯಿತು. ಪುಟ್ಟ ದೇಶಕ್ಕೆ ಇದು ದೊಡ್ಡ ಬಲ. ಇನ್ನೊಂದು ಕಡೆ, 2020ರ ಸೆಪ್ಟೆಂಬರ್‌ನಲ್ಲಿ ಭಾರತ ಕೊಟ್ಟ 25 ಕೋಟಿ ಡಾಲರ್ ನೆರವೂ ಸೇರಿ ಸಾಲದ ಹೊರೆ ಬೆಳೆದಿದೆ. ಅದನ್ನು ತೀರಿಸಬೇಕಾದದ್ದೂ ಇದೇ ಪ್ರವಾಸಿಯ ದುಡ್ಡಿನಿಂದ.

ಕರಾವಳಿಗೆ ಎರಡು ಮಾತು

ಮೊದಲನೆಯದು, ಮತ್ತೆ ಹೊರಡಲು ಬ್ಯಾಗ್ ಕಟ್ಟುತ್ತಿರುವವರಿಗೆ. ಏಜೆಂಟ್ ಹೇಳುವ ಒಟ್ಟು ಮೊತ್ತ ಕೇಳಿ ಒಪ್ಪಬೇಡಿ. ಅದರಲ್ಲಿ ಮೂಲ ಸಂಬಳ ಎಷ್ಟು, ಸರ್ವಿಸ್ ಚಾರ್ಜ್ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ. ರೆಸಾರ್ಟ್ ಮುಚ್ಚಿದರೆ ಸಂಬಳ ಏನು, ಊರಿಗೆ ಬರುವ ಟಿಕೆಟ್ ಯಾರದು ಅನ್ನುವುದು ಕಾಂಟ್ರಾಕ್ಟ್‌ನಲ್ಲಿ ಇರಲಿ. ಊರಲ್ಲಿ ಮನೆ ಸಾಲ ಮಾಡುವುದಾದರೆ ಮೂಲ ಸಂಬಳದ ಮೇಲೆ ಲೆಕ್ಕ ಹಾಕಿ. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ.

ಎರಡನೆಯದು, ಇಲ್ಲೇ ಇರುವವರಿಗೆ. 2020ರ ಅಕ್ಟೋಬರ್‌ನಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಸಿಕ್ಕಿತು. ಸಂತೋಷದ ವಿಷಯ. ಪ್ರವಾಸಿಗರು ಬರಲಿ, ಹೋಮ್‌ಸ್ಟೇ ನಡೆಯಲಿ. ಆದರೆ ಕರಾವಳಿಗೆ ಇನ್ನೂ ಮೀನುಗಾರಿಕೆ ಇದೆ, ಅಡಿಕೆ ಇದೆ, ಗೇರುಬೀಜದ ಕಾರ್ಖಾನೆ ಇದೆ, ಕಾಲೇಜು, ಆಸ್ಪತ್ರೆ, ಬಂದರು ಇದೆ. 2020ರಲ್ಲಿ ಒಂದು ನಿಂತಾಗ ಇನ್ನೊಂದು ಕುಂಟುತ್ತಾದರೂ ನಡೆಯಿತು. ಮಾಲ್ಡೀವ್ಸ್‌ಗೆ ಆ ಇನ್ನೊಂದು ಇರಲಿಲ್ಲ.

ಫೋಟೋದಲ್ಲಿ ತೇಲುವ ತಟ್ಟೆ ಮತ್ತೆ ತುಂಬಿತು. ಅದನ್ನು ತಂದಿಟ್ಟವನು ಊರಿಗೆ ಕಳಿಸುವ ದುಡ್ಡು ಮೊದಲಿನಷ್ಟಾಗುವವರೆಗೆ ಅಲ್ಲಿ ಕೊರೊನಾ ಮುಗಿಯಿತು ಅನ್ನುವಂತಿರಲಿಲ್ಲ.