ನೆಲವೇ ಮೊದಲು ನುಡಿಯಿತು



ಮುಂದೆ ಒದಗಲಿರುವುದರ ಸುಳಿವನ್ನು ಉತ್ತಮ ಕಾದಂಬರಿಯು ಆರಂಭದಲ್ಲಿಯೇ ಇರಿಸಿರುತ್ತದೆ. ದಕ್ಷಿಣ ಆಫ್ರಿಕದ ವರ್ಣಭೇದವನ್ನು ಚಿತ್ರಿಸಿದ ಅಲನ್ ಪೇಟನ್ನರ ‘ಕ್ರೈ, ದಿ ಬಿಲವೆಡ್ ಕಂಟ್ರಿ’ಯಲ್ಲಿ (1948) ಆ ಸುಳಿವನ್ನು ಕೊಡುವುದು ಶಕುನವಲ್ಲ, ಸ್ವಪ್ನವಲ್ಲ, ನೆಲ.

ಮೊದಲ ಪುಟದಲ್ಲಿಯೇ ಎರಡು ನೆಲಗಳಿವೆ. ಮೇಲಿನ ಗುಡ್ಡಗಳಲ್ಲಿ ಮಳೆನೀರನ್ನು ಹಿಡಿದಿಡುವ ದಟ್ಟ ಹುಲ್ಲು. ಕೆಳಗಿನ ಕಣಿವೆಯಲ್ಲಿ ಸವೆದುಹೋದ ಕೆಂಪು ಮಣ್ಣು. ಮೇಲಿರುವುದು ಬಿಳಿಯ ಜಮೀನುದಾರ ಜೇಮ್ಸ್ ಜಾರ್ವಿಸನ ಹೊಲ. ಕೆಳಗಿರುವುದು ಕಪ್ಪು ಜನರ ಹಳ್ಳಿ. 1913ರ ಕಾಯಿದೆಯು ಬಹುಸಂಖ್ಯಾತರಾದ ಕಪ್ಪು ಜನರಿಗೆ ದೇಶದ ಭೂಮಿಯಲ್ಲಿ ಶೇಕಡಾ 7ರಷ್ಟನ್ನು ಮಾತ್ರ ಬಿಟ್ಟಿತ್ತು. ಮಣ್ಣು ಸೋತಲ್ಲಿ ಮಕ್ಕಳು ನಿಲ್ಲಲಾರರು. ಅವರು ಜೋಹಾನ್ಸ್‌ಬರ್ಗಿನತ್ತ ನಡೆದರು.

ಆ ಹಳ್ಳಿಯ ವೃದ್ಧ ಪಾದ್ರಿ ಸ್ಟೀಫನ್ ಕುಮಾಲೊ. ನಗರದಿಂದ ಬಂದ ಪತ್ರವನ್ನು ಒಡೆಯಲು ಆತನೂ ಆತನ ಮಡದಿಯೂ ಅಂಜುತ್ತಾರೆ. ಪತ್ರದಲ್ಲಿರುವುದು ತಂಗಿಯ ಅಸ್ವಾಸ್ಥ್ಯದ ಸುದ್ದಿ. ಅಂಜಿಕೆಯೋ, ನಗರಕ್ಕೆ ಹೋಗಿ ಮೌನವಾದ ಮಗನ ಕುರಿತದ್ದು. ಮಗನ ಹೆಸರು ಅಬ್ಷಾಲೋಮ. ಬೈಬಲ್ಲಿನಲ್ಲಿ ತಂದೆ ದಾವೀದನಿಗೆ ತಿರುಗಿಬಿದ್ದು ಮಡಿದು, ಆ ತಂದೆಯನ್ನು ಗೋಳಾಡಿಸಿದ ಮಗನ ಹೆಸರೂ ಅದೇ. ಮುಂದೆ ಜೋಹಾನ್ಸ್‌ಬರ್ಗಿನಲ್ಲಿ ವೃತ್ತಪತ್ರಿಕೆಯು ಬಿಳಿಯ ಇಂಜಿನಿಯರನೊಬ್ಬನ ಕೊಲೆಯನ್ನು ಸಾರುತ್ತದೆ. ಕೊಂದವನಾರೆಂದು ತಿಳಿಯುವ ಮುನ್ನವೇ ಕುಮಾಲೊನ ಎದೆಯನ್ನು ಭಯ ತುಂಬುತ್ತದೆ. ಕೊಂದವನು ಆತನ ಮಗ. ಮಡಿದವನು ಕಪ್ಪು ಜನರ ನ್ಯಾಯಕ್ಕಾಗಿ ಬರೆಯುತ್ತಿದ್ದ ಆರ್ಥರ್, ಜಾರ್ವಿಸನ ಏಕಮಾತ್ರ ಪುತ್ರ.

ಅಬ್ಷಾಲೋಮನಿಗೆ ಗಲ್ಲು ವಿಧಿಸಲ್ಪಡುತ್ತದೆ. ಎರಡು ನೆಲಗಳ ಇಬ್ಬರು ತಂದೆಯರನ್ನು ಪುತ್ರಶೋಕವು ಹತ್ತಿರ ತರುತ್ತದೆ. ಜಾರ್ವಿಸನ ಪುಟ್ಟ ಮೊಮ್ಮಗನು ಕುಮಾಲೊನ ಮನೆಯಲ್ಲಿ ಹಾಲು ಕೇಳುತ್ತಾನೆ. ಹಳ್ಳಿಯಲ್ಲಿ ಹಾಲೇ ಇಲ್ಲ, ಹಸುಳೆಗಳು ಸಾಯುತ್ತಿವೆ. ಬಳಿಕ ಮೇಲಿನ ಹೊಲದಿಂದ ಹಾಲು ಬರುತ್ತದೆ, ಅಣೆಕಟ್ಟೆಯ ಏರ್ಪಾಡಾಗುತ್ತದೆ, ಬೇಸಾಯ ಕಲಿಸಲು ವಿದ್ಯಾವಂತ ಕಪ್ಪು ತರುಣನೊಬ್ಬನು ಬರುತ್ತಾನೆ.

ಇದನ್ನು ದಾಸೋಹವೆಂದು ಕೊಂಡಾಡಲು ನಮ್ಮ ಮನಸ್ಸು ಹಾತೊರೆಯುತ್ತದೆ. ಆದರೆ ನಮಗಿಂತ ಮುನ್ನ ಆ ತರುಣನೇ ನಮ್ಮನ್ನು ತಡೆಯುತ್ತಾನೆ. ಇಷ್ಟು ಅಲ್ಪ ಭೂಮಿಯನ್ನು ಬಿಟ್ಟವರೂ ಬಿಳಿಯರೇ ಅಲ್ಲವೆ ಎಂಬುದು ಅವನ ಮಾತಿನ ತಾತ್ಪರ್ಯ. ಹಾಲು ಕೆಳಗಿಳಿಯಿತು, ಹುಲ್ಲಿನ ಗುಡ್ಡವು ಮೇಲೆಯೇ ಉಳಿಯಿತು. ಕಿತ್ತುಕೊಂಡುದನ್ನು ಹಿಂದಿರುಗಿಸದೆ ನೀಡುವುದು ಕರುಣೆಯಾದೀತು, ದಾಸೋಹವಾಗದು.

ಕೃತಿಯು ಪ್ರಕಟವಾದ 1948ರಲ್ಲಿಯೇ ನ್ಯಾಷನಲ್ ಪಕ್ಷವು ಅಧಿಕಾರಕ್ಕೆ ಬಂದು ವರ್ಣಭೇದವನ್ನು ರಾಜ್ಯನೀತಿಯನ್ನಾಗಿಸಿತು. ಸರ್ವರಿಗೂ ಸಮಾನ ಮತ ದೊರೆತ ಚುನಾವಣೆಗೆ ಆ ದೇಶವು 1994ರವರೆಗೆ ಕಾಯಬೇಕಾಯಿತು.

ಮೊದಲ ಪುಟದ ನೆಲವನ್ನು ಓದದವರಿಗೆ ಕೊನೆಯ ಪುಟದ ಗಲ್ಲು ಆಕಸ್ಮಿಕವಾಗಿ ತೋರುತ್ತದೆ. ಓದಿದವರಿಗೆ ಅದು ಬಿತ್ತಿದ ಬೆಳೆ.