ಮನೆ ಯಜಮಾನರನ್ನಷ್ಟೇ ಕೇಳಿ ಹೋಗಬೇಡಿ

ಶಿಕಾರಿಪುರ ಮತ್ತು ಸೊರಬ ತಾಲೂಕಿನ ಪೊಲೀಸ್ ಅಧಿಕಾರಿಗಳಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ ಹಾಗೂ ನಮ್ಮ ಓಣಿಗಳ ಎಲ್ಲ ಮನೆಯವರಿಗೆ



ಅಡಿಕೆ ಕೊಯ್ಲು ಮತ್ತೆ ಶುರುವಾಗುತ್ತಿದೆ. ಇನ್ನು ಮೂರ್ನಾಲ್ಕು ತಿಂಗಳು ಬೇಯಿಸಿದ ಅಡಿಕೆ ಎಲ್ಲರ ಅಂಗಳದಲ್ಲೂ ಹಗಲು ರಾತ್ರಿ ಬಿದ್ದಿರುತ್ತದೆ. ಕ್ವಿಂಟಲಿಗೆ ಹತ್ತಾರು ಸಾವಿರ ರೂಪಾಯಿ ಬಾಳುವ ಮಾಲು, ಕಾವಲಿಗೆ ಒಂದು ಬೇಲಿ, ಒಂದು ನಾಯಿ. ಕಳೆದ ಸುಗ್ಗಿಯಲ್ಲಿ ನಮ್ಮ ಅಂಗಳದಿಂದ ಒಣಗಿಸಿ ಕಟ್ಟಿಟ್ಟಿದ್ದ ಎರಡು ಚೀಲ ಹೋಯಿತು. ಠಾಣೆಯಲ್ಲಿ ಅರ್ಜಿ ತೆಗೆದುಕೊಂಡು ಒಂದು ಹಿಂಬರಹ ಕೊಟ್ಟು ಕಳಿಸಿದರು. ಎಫ್‌ಐಆರ್ ಆಗಲೇ ಇಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸಬೇಕೆಂದು 193ನೇ ಕಲಂ ಹೇಳುತ್ತದೆ. ಇದನ್ನು ನಾನು ತಿಳಿದುಕೊಂಡದ್ದು ಚೀಲ ಹೋದ ಎಷ್ಟೋ ದಿನಗಳ ಮೇಲೆ. ಈ ಎರಡು ಸಾಲನ್ನು ಪ್ರತಿ ಪಂಚಾಯಿತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಬರೆಸಿದರೆ ದೊಡ್ಡ ಉಪಕಾರವಾಗುತ್ತದೆ.

ಆದರೆ ನನ್ನ ಮುಖ್ಯ ದೂರು ಬೇರೆ ಇದೆ. ಕಳವಾಗುವ ಹಿಂದಿನ ದಿನ, ಹನ್ನೊಂದು ಗಂಟೆ ಹೊತ್ತಿಗೆ, ಗುರುತಿಲ್ಲದ ಬೈಕೊಂದು ನಮ್ಮ ಅಂಗಳದ ಮುಂದೆ ಎರಡು ಸಲ ನಿಂತು ಹೋಗಿತ್ತು. ಜಗಲಿಯಲ್ಲಿ ಕೂತಿದ್ದ ನಮ್ಮತ್ತೆ ಅದರ ನಂಬರನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಪೆನ್ಸಿಲಿನಿಂದ ಗೀಚಿಟ್ಟಿದ್ದರು. ವಿಚಾರಣೆಗೆ ಬಂದವರು ನಮ್ಮ ಯಜಮಾನರನ್ನು ಮಾತಾಡಿಸಿದರು, ಹೆಸರು ಮತ್ತು ಫೋನ್ ನಂಬರು ಬರೆದುಕೊಂಡರು, ಹೊರಟರು. ಯಜಮಾನರು ಹಿಂದಿನ ದಿನವೆಲ್ಲ ಮಂಡಿಯಲ್ಲಿದ್ದವರು, ಅವರಿಗೇನು ಗೊತ್ತು? ಕ್ಯಾಲೆಂಡರ್ ಹಿಡಿದು ಬಂದ ಅತ್ತೆಗೆ, "ಆಮೇಲೆ ನೋಡೋಣ ಅಜ್ಜಿ" ಎಂಬ ಉತ್ತರ ಸಿಕ್ಕಿತು. ಆ ಬೈಕಿನವರೇ ಕದ್ದರೆಂದು ನಾನು ಹೇಳುತ್ತಿಲ್ಲ. ಕೇಳಿಸಿಕೊಳ್ಳುವವರಿದ್ದರೆ ನಿಜವೇನೆಂದು ತಿಳಿಯುತ್ತಿತ್ತು.

2025ರ ಜುಲೈನಲ್ಲಿ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಆರಂಭಿಸಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. 40-50 ಮನೆಗಳನ್ನು ಒಂದು ಗುಂಪು ಮಾಡಿ, ಬೀಟ್ ಸಿಬ್ಬಂದಿಯೇ ಮನೆ ಬಾಗಿಲಿಗೆ ಬಂದು ಅಹವಾಲು ಕೇಳುವ ಯೋಜನೆ ಅದು. ಒಳ್ಳೆಯ ಯೋಜನೆ. ಆದರೆ ಮನೆ ಎಂದರೆ ಯಜಮಾನ ಒಬ್ಬರೇ ಅಲ್ಲ. ಹಗಲು ಹೊತ್ತು ಓಣಿಯಲ್ಲಿ ಇರುವವರು ಹೆಂಗಸರು, ವಯಸ್ಸಾದವರು, ಶಾಲೆ ಬಿಟ್ಟು ಬಂದ ಮಕ್ಕಳು. ಯಾವ ಮನೆಗೆ ಬೀಗ ಬಿದ್ದಿದೆ, ಯಾವ ಕಂಬದ ದೀಪ ಉರಿಯುತ್ತಿಲ್ಲ, ಯಾವ ಹುಡುಗ ಕಾಲೇಜಿಗೆ ಹೋಗದೆ ಕೆರೆ ಏರಿಯ ಮೇಲೆ ಕೂರುತ್ತಾನೆ, ಎಲ್ಲವೂ ಇವರಿಗೆ ಗೊತ್ತು.

ಮೊದಲು ಸುಗ್ಗಿಯ ರಾತ್ರಿ ಓಣಿಗೆ ಓಣಿಯೇ ಎದ್ದಿರುತ್ತಿತ್ತು. ಇವತ್ತು ನಮ್ಮ ಮನೆಯಲ್ಲಿ ಅಡಿಕೆ ಸುಲಿದರೆ ನಾಳೆ ಪಕ್ಕದ ಮನೆಯಲ್ಲಿ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಮಾತು ನಡುರಾತ್ರಿಯವರೆಗೆ ಕೇಳುತ್ತಿತ್ತು. ಕಾವಲೆಂದು ಯಾರೂ ಅದನ್ನು ಕರೆಯಲಿಲ್ಲ, ಆದರೆ ಕಾವಲು ಅದೇ ಆಗಿತ್ತು. ಈಗ ಸುಲಿಯುವ ಯಂತ್ರ ಸಂಜೆಯೊಳಗೆ ಕೆಲಸ ಮುಗಿಸುತ್ತದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಎಂಟಕ್ಕೆಲ್ಲ ಬಾಗಿಲು ಮುಚ್ಚುತ್ತೇವೆ. ಯಂತ್ರ ಬೇಡವೆನ್ನುವವಳಲ್ಲ ನಾನು, ಬೆನ್ನಿಗೆ ಎಷ್ಟು ಹಿತವೆಂದು ನನಗೆ ಗೊತ್ತು. ಆದರೆ ಹೋದ ಕಾವಲಿನ ಜಾಗಕ್ಕೆ ಬೇರೇನೂ ಬಂದಿಲ್ಲ.

ಊರಿನವರೇ ಊರು ಕಾಯುವುದು ನಮ್ಮ ಸೀಮೆಗೆ ಹೊಸ ಮಾತೂ ಅಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳಲ್ಲಿ ಶಿಕಾರಿಪುರ, ಸೊರಬದ ಶಾಸನಗಳನ್ನು ಪ್ರಕಟಿಸಿ ನೂರಿಪ್ಪತ್ತು ವರ್ಷ ದಾಟಿತು. ಅವುಗಳಲ್ಲಿ ಎಷ್ಟೊಂದು ವೀರಗಲ್ಲುಗಳು! ತುರು ಹಿಡಿದವರನ್ನು ಬೆನ್ನಟ್ಟಿ ಸತ್ತವರು, ಊರಿನ ಹೆಣ್ಣುಮಕ್ಕಳ ಮಾನ ಕಾಯಲು ಸತ್ತವರು. ಹೀಗೆ ಸತ್ತವರ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಡುವ ಪದ್ಧತಿ ಕನ್ನಡ ನಾಡಿನಲ್ಲಿತ್ತು. ಊರು ಕಾಯುವುದರಲ್ಲಿ ಮನೆಯವರ ಪಾಲಿದೆ ಎಂದು ಅಂದಿನ ಆಳುವವರು ಒಪ್ಪಿದ್ದರು.

ಮನೆಯವರಿಗೂ ಒಂದು ಮಾತು ಹೇಳಲೇಬೇಕು. ಕಳ್ಳ ಯಾವಾಗಲೂ ಹೊರಗಿನವನೇ ಎಂದುಕೊಳ್ಳುತ್ತೇವೆ. ಮಗನ ಕೈಗೆ ಹೊಸ ಫೋನ್ ಬಂದರೆ ದುಡ್ಡು ಎಲ್ಲಿಯದೆಂದು ಕೇಳುವುದಿಲ್ಲ. ಪಕ್ಕದ ಮನೆಯಲ್ಲಿ ಹೆಂಡತಿಗೆ ಹೊಡೆಯುವ ಸದ್ದು ಕೇಳಿದರೆ ಕಿಟಕಿ ಮುಚ್ಚಿ, "ಅವರ ಮನೆ ವಿಷಯ" ಅನ್ನುತ್ತೇವೆ. ಆ ಹೆಣ್ಣುಮಗಳಿಗೆ ಭದ್ರತೆ ಇಲ್ಲದ ಓಣಿಯನ್ನು ಸುರಕ್ಷಿತ ಎನ್ನಲು ನನಗೆ ಬಾಯಿ ಬರುವುದಿಲ್ಲ. 112ಕ್ಕೆ ಕರೆ ಮಾಡಲು ಅವಳ ಸಂಬಂಧಿಯೇ ಆಗಬೇಕಿಲ್ಲ.

ಕಾವಲಿನ ಹೆಸರಲ್ಲಿ ದೊಣ್ಣೆ ಹಿಡಿದು ನಿಲ್ಲುವುದೂ ಬೇಡ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಜನ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ಕಾರು ನಿಲ್ಲಿಸಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಮನೆಯವರು ನೋಡಬೇಕು, ಬರೆದಿಡಬೇಕು, ತಿಳಿಸಬೇಕು. ಹಿಡಿಯುವುದು ಪೊಲೀಸರ ಕೆಲಸ.

ಆದ್ದರಿಂದ ಅಧಿಕಾರಿಗಳಲ್ಲಿ ಕೇಳಿಕೊಳ್ಳುವುದಿಷ್ಟು. ಕೊಯ್ಲು ಜೋರಾಗುವ ಮುಂಚೆ ಪ್ರತಿ ಓಣಿಯಲ್ಲಿ, ಹೆಂಗಸರಿಗೆ ಬಿಡುವಿರುವ ಮಧ್ಯಾಹ್ನದ ಹೊತ್ತಿಗೆ ಒಂದು ಸಭೆ ಕರೆಯಿರಿ. ಮಹಿಳಾ ಪೇದೆಯೊಬ್ಬರು ಜೊತೆಗಿರಲಿ. ಬೀಟ್ ಸಿಬ್ಬಂದಿಯ ಹೆಸರು, ನಂಬರು ಪ್ರತಿ ಮನೆಯ ಬಾಗಿಲ ಹಿಂದೆ ಅಂಟಿಸಿಕೊಡಿ. ಪಂಚಾಯಿತಿಯವರು ಸುಗ್ಗಿ ಮುಗಿಯುವವರೆಗಾದರೂ ಬೀದಿದೀಪ ಕೆಡದಂತೆ ನೋಡಿಕೊಳ್ಳಲಿ. ಅರ್ಜಿ ಕೊಟ್ಟವರಿಗೆ ಹಿಂಬರಹದ ಬದಲು ಎಫ್‌ಐಆರ್ ಪ್ರತಿ ಸಿಗಲಿ. ಮುಂದಿನ ಸಲ ನಮ್ಮ ಓಣಿಗೆ ಬಂದಾಗ ಜಗಲಿಯ ಮೇಲಿರುವ ಅಜ್ಜಿಯನ್ನು ಮೊದಲು ಮಾತಾಡಿಸಿ.

ಇಂತಿ,
ಶಿಕಾರಿಪುರ–ಸೊರಬ ಗಡಿಭಾಗದ ಒಬ್ಬ ರೈತ ಮಹಿಳೆ